ಕೂಡಿ ಅಂದ್ರ ಯಾರ ಕೂಡ?

2023ರ ವಿಧಾನಸಭೆ ಚುನಾವಣೆಯಲ್ಲಿ ಬಾಗಲಕೋಟೆ ಜಿಲ್ಲೆಯ ಒಂದು ಕ್ಷೇತ್ರದಿಂದ ಪಕ್ಷೇತರನಾಗಿ ನಿಂತಿದ್ದೆ. 10,000 ರೂಪಾಯಿ ಠೇವಣಿ, ಹತ್ತು ಜನ ಸೂಚಕರು. ಆ ಹತ್ತು ಜನರನ್ನು ಬೇಕಂತಲೇ ಬೇರೆ ಬೇರೆ ಪಕ್ಷದ ಕಡೆಯ ಮನೆಗಳಿಂದ ಕೇಳಿಕೊಂಡೆ. ಯಾರೇ ಗೆದ್ದರೂ ಎಲ್ಲರೂ ಕೂಡಿ ಕೆಲಸ ಮಾಡಬೇಕು ಅನ್ನುವುದೇ ನನ್ನ ಮಾತಾಗಿತ್ತು.

ಈ ಮಾತು ಮುಳುಗಡೆಯಿಂದ ಬಂದದ್ದು. ನಮ್ಮ ಹೊಲ ಆಲಮಟ್ಟಿ ಹಿನ್ನೀರಿಗೆ ಹೋಗಿದೆ. ಈಗ ಅಲ್ಲಿ ನೀರು ನಿಲ್ಲಿಸುವುದು 519.60 ಮೀಟರ್‌ಗೆ. 524.256ಕ್ಕೆ ಏರಿಸಲು, ರಾಜ್ಯಗಳ ನಡುವೆ ನದಿ ನೀರು ಹಂಚುವ ಕೃಷ್ಣಾ ನ್ಯಾಯಮಂಡಳಿ ಒಪ್ಪಿದೆ. ಏರಿಸಿದರೆ ನಮ್ಮ ಜಿಲ್ಲೆಯ ಜಮೀನು ಇನ್ನಷ್ಟು ಮುಳುಗುತ್ತದೆ. ನೀರು ವಿಜಯಪುರ, ಕಲಬುರಗಿ, ರಾಯಚೂರಿನ ಕಡೆಗೂ ಹೋಗಬೇಕು. 224 ಶಾಸಕರಲ್ಲಿ ಒಬ್ಬ ಎದ್ದು ಕೂಗಿದರೆ ಪರಿಹಾರದ ದುಡ್ಡು ಬರುತ್ತದಾ? ಜಮೀನು ಕೊಡುವ ಕಡೆಯವರೂ ನೀರು ಪಡೆಯುವ ಕಡೆಯವರೂ ಒಟ್ಟಿಗೆ ಕೂರಲೇಬೇಕು.

ಮೊದಲ ಊರಿನಲ್ಲೇ ಈ ಮಾತು ಬಿದ್ದುಹೋಯಿತು. ಹನುಮಪ್ಪನ ಗುಡಿ ಕಟ್ಟೆಯ ಮೇಲಿದ್ದ ಒಬ್ಬ ಹಿರಿಯರು ಕೇಳಿದರು: 'ತಮ್ಮಾ, ಕೂಡಿ ಅಂದ್ರ ಯಾರ ಕೂಡ? ಗೆದ್ದ ಮ್ಯಾಲ ಯಾವ ಪಾರ್ಟಿಗೆ ಹೋಗ್ತೀ, ಅದನ್ನ ಹೇಳು.'

ನನಗೆ ತಕ್ಷಣ ಉತ್ತರ ಬರಲಿಲ್ಲ. ನಾನು ಸಹಕಾರ ಅಂದದ್ದು ಅವರಿಗೆ ಪಕ್ಷಾಂತರ ಅಂತ ಕೇಳಿಸಿತ್ತು. ತಪ್ಪು ಅವರದಲ್ಲ. ಅವರು ಕಂಡ ರಾಜಕಾರಣ ಅಂಥದ್ದು.

ಆ ರಾತ್ರಿಯೇ ಕರಪತ್ರ ಬದಲಿಸಿದೆ. ಪಕ್ಷೇತರನಾಗಿ ಗೆದ್ದವನು ಆಮೇಲೆ ಪಕ್ಷ ಸೇರಿದರೆ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಶಾಸಕ ಸ್ಥಾನವೇ ಹೋಗುತ್ತದೆ ಎಂದು ಮೊದಲ ಸಾಲಿನಲ್ಲೇ ಹಾಕಿದೆ. ಅದರ ಕೆಳಗೆ, ಜಿಲ್ಲೆಯ ಉಳಿದ ಆರು ಶಾಸಕರ ಜೊತೆ ಯಾವ ಯಾವ ಕೆಲಸಕ್ಕೆ ಕೂರುತ್ತೇನೆ ಅಂತ ಬರೆದೆ: ಮುಳುಗಡೆ ಪರಿಹಾರ, ಪುನರ್ವಸತಿ ಕೇಂದ್ರಗಳ ಹಕ್ಕುಪತ್ರ, ಕಬ್ಬಿನ ಬಾಕಿ. ಬಾಯಲ್ಲಿ ಹೇಳುವಾಗ ಮುಯ್ಯಾಳಿನ ಮಾತು ತೆಗೆದೆ. 'ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಹಾಗಂತ ಮನೆ ಒಂದಾಗ್ತಾವೇನ್ರಿ ಕಾಕಾ?' ಅಲ್ಲಿಂದ ಜನ ನಿಂತು ಕೇಳತೊಡಗಿದರು. ಹೆಣ್ಣುಮಕ್ಕಳಿಗೆ ಅದು ಬೇಗ ತಿಳಿಯಿತು, ಕಳೆ ತೆಗೆಯಲು ಮುಯ್ಯಾಳು ಹೋಗುವವರು ಜಾಸ್ತಿ ಅವರೇ ಅಲ್ವಾ.

ಏಪ್ರಿಲ್ 24ಕ್ಕೆ ನಾಮಪತ್ರ ವಾಪಸ್ ಪಡೆಯುವ ಗಡುವು ಮುಗಿಯಿತು. ಮೇ 8ರ ಸಂಜೆ ಪ್ರಚಾರ ಬಂದ್. ಎರಡೇ ವಾರ, ಅದೂ ಉರಿಬಿಸಿಲು. ಯಾರನ್ನೂ ಬೈಯಬಾರದು ಅಂದದ್ದಕ್ಕೆ ನನ್ನ ಜೊತೆಗಿದ್ದ ಹುಡುಗರು ಬೇಸರ ಮಾಡಿಕೊಂಡರು. ಒಂದು ಊರಿನಲ್ಲಿ ಎರಡು ಗುಂಪು, ಎರಡು ಕಟ್ಟೆ. ಒಂದರ ಮೇಲೆ ಮೊದಲು ಕೂತೆ, ಇನ್ನೊಂದು ಗುಂಪು ಮುನಿಸಿಕೊಂಡಿತು. ಮರುದಿನ ಶಾಲೆ ಮುಂದೆ ಎರಡೂ ಕಡೆಯವರನ್ನು ಕರೆದೆ. ಬಂದವರು ಆರು ಜನ. ಆ ಆರು ಜನರ ಜೊತೆ ಕೂತ ಎರಡು ತಾಸು ನನಗೆ ಎಲ್ಲಕ್ಕಿಂತ ದೊಡ್ಡದು. ನಿಲ್ಲುವವರಿಗೆ ನಾನು ಹೇಳುವುದು ಇಷ್ಟು: ಮೊದಲ ದಿನವೇ ಎರಡೂ ಕಟ್ಟೆಗೆ ಹೋಗಿ.

ಮೇ 13ರ ಎಣಿಕೆಯಲ್ಲಿ ಆರರಲ್ಲಿ ಒಂದು ಪಾಲು ಮತ ಬರಲಿಲ್ಲ, ಠೇವಣಿ ಹೋಯಿತು. ತಿಂಗಳೊಳಗೆ ಖರ್ಚಿನ ಲೆಕ್ಕ ಕೊಟ್ಟೆ. ವಾರ ಬಿಟ್ಟು ಗೆದ್ದವರ ಮನೆಗೆ ಹೋಗಿ ನನ್ನ ಕರಪತ್ರ ಕೊಟ್ಟು ಬಂದೆ.

ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಇತ್ತು. ಮುಳುಗಡೆ ಮನವಿ ಹಿಡಿದು ಒಂದೇ ಕ್ರೂಸರ್‌ನಲ್ಲಿ ಹೋದೆವು. ಎರಡೂ ಕಟ್ಟೆಯವರು ಇದ್ದರು. ಡೀಸೆಲ್‌ಗೆ ಎಲ್ಲರೂ ಪಟ್ಟಿ ಹಾಕಿ ದುಡ್ಡು ಕೊಟ್ಟಿದ್ದರು.