ಟೈರ್ ಸವೆದದ್ದು ಒಂದು ಕಡೆ, ಬಿಲ್ ಹಾಕಿದ್ದು ಎಲ್ಲದಕ್ಕೂ

ನಮ್ಮ ಕಾರು ಸಣ್ಣ ಹ್ಯಾಚ್‌ಬ್ಯಾಕ್. ಶಿವಮೊಗ್ಗದಲ್ಲಿ ಇರೋದರಿಂದ ತೀರ್ಥಹಳ್ಳಿ, ಆಗುಂಬೆ ಘಾಟಿ, ಉಡುಪಿ ಕಡೆ ಓಡಾಟ ಜಾಸ್ತಿ. ಒಂದು ಮಳೆಗಾಲ ಮುಗಿದ ಮೇಲೆ ಕಾರು ತೊಳೆಯುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದಿನ ಟೈರುಗಳ ಒಳಭಾಗ ನೋಡಿದೆ. ಎಡಗಡೆ ಟೈರಿನ ಒಳ ಅಂಚು ಬೋಳಾಗಿತ್ತು. ಹೊರಗಿನಿಂದ ನೋಡಿದರೆ ಅದೇ ಟೈರ್ ಚೆನ್ನಾಗಿಯೇ ಕಾಣುತ್ತಿತ್ತು.

ಒಂದು ಟೈರ್ ಅಂಗಡಿಗೆ ಹೋದೆ. ಅವರು ಒಂದು ಸುತ್ತು ನೋಡಿ ಹೇಳಿದ ಪಟ್ಟಿ ಹೀಗಿತ್ತು: ನಾಲ್ಕೂ ಟೈರ್ ಬದಲಿಸಬೇಕು, ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೋಗಿವೆ, ಕ್ಯಾಂಬರ್ (ಚಕ್ರದ ವಾಲು) ಔಟ್ ಆಗಿದೆ, ಅದನ್ನೂ ಸರಿ ಮಾಡಬೇಕು. ಕಾರನ್ನು ಜಾಕ್ ಮೇಲೆ ಎತ್ತಿರಲಿಲ್ಲ, ಯಾವ ಮಿಷನ್ನಿಗೂ ಹಾಕಿರಲಿಲ್ಲ. ‘ಯೋಚನೆ ಮಾಡಿ ಬರ್ತೀನಿ’ ಅಂತ ಹೇಳಿ ವಾಪಸ್ ಬಂದೆ.

ಮನೆಯಲ್ಲಿ ಮೊದಲು ಮಾಡಿದ ಕೆಲಸ ಅಳತೆ. ಟೈರಿನ ಗ್ರಿಪ್ ಅಳೆಯುವ ಸಣ್ಣ ಗೇಜ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಪ್ರತಿ ಟೈರಿನಲ್ಲೂ ಒಳಗೆ, ನಡುವೆ, ಹೊರಗೆ ಹೀಗೆ ಮೂರು ಕಡೆ ಅಳೆದು ಬರೆದಿಟ್ಟೆ. ಗೇಜ್ ಇಲ್ಲದಿದ್ದರೂ ಪರವಾಗಿಲ್ಲ. ಟೈರಿನ ಸಂದುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ. ಗ್ರಿಪ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತು ಅಂದರೆ ಉಳಿದಿರೋದು 1.6 ಮಿಲಿಮೀಟರ್, ಕಾರಿಗೆ ಕಾನೂನಿನ ಮಿತಿಯೂ ಅಷ್ಟೇ. ನನ್ನ ಹಿಂದಿನ ಎರಡು ಟೈರುಗಳಲ್ಲಿ 4 ಮಿಲಿಮೀಟರಿಗಿಂತ ಹೆಚ್ಚೇ ಇತ್ತು, ಎಲ್ಲ ಕಡೆ ಸಮನಾಗಿ. ಅವನ್ನು ಯಾಕೆ ಎಸೀಬೇಕು?

ಸವೆತ ಎಲ್ಲಿ ಆಗಿದೆ ಅನ್ನೋದೇ ಮುಖ್ಯ. ಗಾಳಿ ಕಡಿಮೆ ಇಟ್ಟು ಓಡಿಸಿದರೆ ಟೈರಿನ ಎರಡೂ ಅಂಚು ಸವೆಯುತ್ತವೆ. ಜಾಸ್ತಿ ಇದ್ದರೆ ನಡುಭಾಗ ಸವೆಯುತ್ತದೆ. ಶಾಕ್ ಅಬ್ಸಾರ್ಬರ್ ಹೋಗಿದ್ದರೆ ಚಕ್ರ ರಸ್ತೆ ಮೇಲೆ ಕುಣಿಯುತ್ತದೆ, ಟೈರಿನ ಸುತ್ತ ಅಲ್ಲಲ್ಲಿ ತಗ್ಗು ಬೀಳುತ್ತದೆ, ಓಡಿಸುವಾಗ ಗುಂಯ್ ಅನ್ನೋ ಸದ್ದೂ ಬರುತ್ತದೆ. ನನ್ನ ಟೈರಿನ ಮೇಲೆ ಅಂಗೈ ಸವರಿ ನೋಡಿದೆ, ತಗ್ಗು ಇರಲಿಲ್ಲ. ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಸೋರಿದ ಗುರುತೂ ಇರಲಿಲ್ಲ. ಬಾನೆಟ್ಟಿನ ಮೂಲೆಯನ್ನು ಜೋರಾಗಿ ಒತ್ತಿ ಬಿಟ್ಟರೆ ಕಾರು ಒಂದು ಸಲ ಮೇಲೆ ಬಂದು ನಿಂತುಬಿಡುತ್ತಿತ್ತು.

ಹಾಗಾದರೆ ಒಂದೇ ಅಂಚು, ಅದೂ ಒಂದೇ ಟೈರಿನಲ್ಲಿ ಯಾಕೆ? ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಮೇಲಿನಿಂದ ನೋಡಿದಾಗ ಮುಂದಿನ ಚಕ್ರಗಳ ಮೂತಿ ಒಳಕ್ಕೆ ಅಥವಾ ಹೊರಕ್ಕೆ ಎಷ್ಟು ತಿರುಗಿದೆ ಅನ್ನೋದು ಟೋ. ಎದುರಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಅನ್ನೋದು ಕ್ಯಾಂಬರ್. ಬರೀ ಟೋ ತಪ್ಪಿದ್ದರೆ ನೇರ ಓಡುವಾಗ ಆ ತಪ್ಪು ಎರಡೂ ಚಕ್ರಗಳಿಗೆ ಹಂಚಿಹೋಗುತ್ತದೆ, ಸಾಮಾನ್ಯವಾಗಿ ಎರಡೂ ಟೈರ್ ಸವೆಯುತ್ತವೆ. ಎಡಗಡೆ ಮಾತ್ರ ಸವೆದಿದೆ ಅಂದರೆ ಆ ಬದಿಯಲ್ಲೇ ಏನೋ ಬಾಗಿರಬೇಕು ಅಥವಾ ಸಡಿಲ ಆಗಿರಬೇಕು. ಆ ಮಳೆಗಾಲದ ಗುಂಡಿಗಳನ್ನು ನೆನೆಸಿಕೊಂಡರೆ ಇದರಲ್ಲಿ ಆಶ್ಚರ್ಯ ಇರಲಿಲ್ಲ.

ಇನ್ನೊಂದು ವಿಷಯ. ನನ್ನ ಕಾರಿನಂತಹ ಎಷ್ಟೋ ಸಣ್ಣ ಕಾರುಗಳಲ್ಲಿ ಟೋ ತಿರುಗಿಸಿ ಸರಿಮಾಡಬಹುದು, ಕ್ಯಾಂಬರಿಗೆ ಬೇರೆಯಾಗಿ ಅಂಥ ವ್ಯವಸ್ಥೆಯೇ ಇರೋದಿಲ್ಲ. ಕ್ಯಾಂಬರ್ ನಿಜವಾಗಿಯೂ ತಪ್ಪಿದ್ದರೆ ಅದಕ್ಕೆ ಕಾರಣವಾದ ಪಾರ್ಟ್ ಹುಡುಕಬೇಕು. ಸುಮ್ನೆ ಎಳೆದು ಬಗ್ಗಿಸಿ ಕೂರಿಸಿದರೆ ಮೂಲ ಕಾರಣ ಹಾಗೇ ಉಳಿಯುತ್ತದೆ.

ಬೇರೆ ಗ್ಯಾರೇಜಿಗೆ ಹೋದೆ. ಅಲ್ಲಿನ ಮೇಸ್ತ್ರಿ ಬೆಲೆ ಮಾತಾಡುವ ಮೊದಲೇ ಕಾರನ್ನು ಎತ್ತಿಸಿದರು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು, ಆಮೇಲೆ ಎಡಬಲ ಹಿಡಿದು ಅಲ್ಲಾಡಿಸಿದರು. ಸ್ಟೇರಿಂಗ್ ತಿರುಗಿಸಿದಾಗ ಚಕ್ರವನ್ನು ತಿರುಗಿಸುವ ಟೈ ರಾಡ್ ಗಟ್ಟಿಯಾಗಿತ್ತು. ಚಕ್ರವನ್ನು ಕೆಳಗಡೆಯಿಂದ ಕಾರಿನ ಮೈಗೆ ಹಿಡಿದಿಡುವ ಲೋವರ್ ಆರ್ಮ್ ಹತ್ತಿರ ಸಬ್ಬಲ್ ಹಾಕಿ ಮೀಟಿ, ‘ಸರ್, ಇಲ್ಲಿ ಬಗ್ಗಿ ನೋಡಿ’ ಅಂದರು. ಆರ್ಮ್ ಕೂರುವ ಜಾಗದ ಬುಷ್ಷಿನ ರಬ್ಬರ್ ಹರಿದು ಬಾಯಿ ಬಿಟ್ಟಿತ್ತು. ಬ್ರೇಕ್ ಹಾಕಿದಾಗೆಲ್ಲ ಚಕ್ರ ತನ್ನ ಜಾಗ ಬಿಟ್ಟು ತಿರುಗುತ್ತಿತ್ತು, ಒಳ ಅಂಚು ಉಜ್ಜುತ್ತಿತ್ತು. ‘ಶಾಕ್ ಅಬ್ಸಾರ್ಬರ್?’ ಅಂತ ಕೇಳಿದೆ. ‘ಅದಕ್ಕೇನಾಗಿದೆ ಸರ್, ಚೆನ್ನಾಗಿದೆಯಲ್ಲ’ ಅಂದರು. ಎಡಗಡೆಯ ಲೋವರ್ ಆರ್ಮ್ ಬದಲಿಸಲು ಅಲ್ಲೇ ಒಪ್ಪಿದೆ.

ಗ್ಯಾರೇಜಿನವರೆಲ್ಲ ಮೋಸ ಮಾಡ್ತಾರೆ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ದೋಷವನ್ನು ಕಣ್ಣಿಗೆ ತೋರಿಸುವವರ ಮಾತಿಗೆ ದುಡ್ಡು ಕೊಡಲು ನನಗೆ ಬೇಸರವಿಲ್ಲ. ತೋರಿಸಿ ಅಂದಾಗ ರೇಗುವವರ ಹತ್ತಿರ ಮಾತ್ರ ಕಾರು ಬಿಡೋದಿಲ್ಲ.

ಪಾರ್ಟ್ ಹಾಕಿದ ಮೇಲೆಯೇ ಅಲೈನ್‌ಮೆಂಟ್ (ಮಿಷನ್ನಿನಲ್ಲಿ ಟೋ, ಕ್ಯಾಂಬರ್ ಅಳೆದು ತಿದ್ದೋದು) ಮಾಡಿಸಬೇಕು, ಮೊದಲು ಮಾಡಿಸಿದರೆ ಆ ದುಡ್ಡು ದಂಡ. ಅಲ್ಲಿ ಕೆಲಸ ಶುರು ಮಾಡುವ ಮುಂಚಿನ ಅಳತೆಯ ಪ್ರಿಂಟ್, ಮುಗಿದ ಮೇಲಿನ ಪ್ರಿಂಟ್ ಎರಡನ್ನೂ ಕೇಳಿ ತೆಗೆದುಕೊಂಡೆ. ಕ್ಯಾಂಬರ್ ಎರಡೂ ಕಡೆ ಮಿತಿಯೊಳಗೇ ಇತ್ತು, ಟೋ ಮಾತ್ರ ತಿದ್ದಿದರು.

ಟೈರ್ ಎರಡೇ ಕೊಂಡೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2324 ಅಂತ ಇದ್ದರೆ 2024ರ 23ನೇ ವಾರ ತಯಾರಾದದ್ದು. ಅದನ್ನು ನೋಡಿಯೇ ಹಾಕಿಸಿದೆ. ಹುಡುಗ ಹೊಸ ಟೈರನ್ನು ಮುಂದಕ್ಕೆ ಹಾಕಲು ಹೊರಟಿದ್ದ. ನಾನು ಅವನ್ನು ಹಿಂದಕ್ಕೆ ಹಾಕಿಸಿ, ಹಿಂದಿದ್ದ ಹಳೆಯ ಎರಡನ್ನು ಮುಂದಕ್ಕೆ ತರಿಸಿದೆ. ಟೈರ್ ಕಂಪನಿಗಳು ಹೇಳೋದೂ ಅದನ್ನೇ. ಒದ್ದೆ ರಸ್ತೆಯಲ್ಲಿ ಕಾರಿನ ಹಿಂಭಾಗ ಜಾರಿದರೆ ಹಿಡಿತಕ್ಕೆ ತರೋದು ತುಂಬಾ ಕಷ್ಟ. ಆಗುಂಬೆ ಮಳೆಯಲ್ಲಿ ತಿರುವು ಇಳಿಯುವವರಿಗೆ ಇದು ಚಿಕ್ಕ ವಿಷಯ ಅಲ್ಲ.

ಗಾಳಿಯನ್ನು ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ, ಟೈರ್ ತಣ್ಣಗಿರುವಾಗ ಹಾಕಿಸುತ್ತೇನೆ. ಟೈರಿನ ಮೈಮೇಲೆ ಬರೆದಿರೋದು ಅದು ತಡೆಯಬಲ್ಲ ಗರಿಷ್ಠ ಒತ್ತಡ. ಗ್ರಿಪ್ ಅಳೆಯುವ ಗೇಜನ್ನು ಡ್ಯಾಶ್‌ಬೋರ್ಡಿನಲ್ಲೇ ಇಟ್ಟಿದ್ದೇನೆ, ಅಳತೆ ಬರೆಯೋದನ್ನು ಬಿಟ್ಟಿಲ್ಲ. ಲೋವರ್ ಆರ್ಮ್ ಬದಲಿಸಿದ ಮೇಲೆ ಎಡಗಡೆ ಟೈರಿನ ಒಳ ಅಂಚೂ ಹೊರ ಅಂಚೂ ಒಂದೇ ಸಮ ಸವೆಯುತ್ತಿವೆ. ಹಳೆಯ ಶಾಕ್ ಅಬ್ಸಾರ್ಬರುಗಳು ಇನ್ನೂ ಕಾರಿನಲ್ಲೇ ಇವೆ.