ನೆಟ್ ಟಚ್: ಶಿಳ್ಳೆ ಊದುವ ಮುನ್ನ ನೋಡಬೇಕಾದದ್ದು

ವಾಲಿಬಾಲ್ ಪಂದ್ಯದಲ್ಲಿ ನೆಟ್ ಅಲುಗಾಡಿದ ಕೂಡಲೇ ಎದುರು ತಂಡದವರು ಕೈ ತೋರಿಸಿ ‘ನೆಟ್ ಟಚ್’ ಎಂದು ಕೂಗುತ್ತಾರೆ. ಆ ಕೂಗನ್ನಾಗಲಿ, ನೆಟ್ಟಿನ ಅಲುಗಾಟವನ್ನಾಗಲಿ ನಂಬಿ ರೆಫರಿ ಶಿಳ್ಳೆ ಊದಬಾರದು. ಚೆಂಡನ್ನು ಆಡುವ ಕ್ರಿಯೆಯಲ್ಲಿರುವ ಆಟಗಾರನು ಎರಡು ಆಂಟೆನಾಗಳ (ನೆಟ್ಟಿನ ಎರಡೂ ಬದಿಗೆ ನೇರವಾಗಿ ಕಟ್ಟಿದ ಕಡ್ಡಿಗಳು) ನಡುವಿನ ನೆಟ್ಟನ್ನು ಮುಟ್ಟಿದರೆ ಅದು ತಪ್ಪು ಎಂಬುದು ನಿಯಮ. ಆದ್ದರಿಂದ ಎಲ್ಲಿ ಮುಟ್ಟಿದ, ಯಾವಾಗ ಮುಟ್ಟಿದ ಎಂಬ ಎರಡನ್ನೂ ರೆಫರಿ ಕಣ್ಣಾರೆ ಕಂಡಿರಬೇಕು.

ಎಲ್ಲಿ ಎಂಬುದು ಸುಲಭ. ಮೇಲಂಚಿನ ಬಿಳಿ ಪಟ್ಟಿಯಿಂದ ಕೆಳಪಟ್ಟಿಯವರೆಗಿನ ಇಡೀ ನೆಟ್ ಮತ್ತು ಆಂಟೆನಾ ಇದರಲ್ಲಿ ಸೇರುತ್ತವೆ. 2009ರಲ್ಲಿ ಬಂದ ತಿದ್ದುಪಡಿ ಮೇಲಂಚಿನ ಪಟ್ಟಿಯನ್ನೂ ಆಂಟೆನಾದ ಮೇಲ್ಭಾಗವನ್ನೂ ಮುಟ್ಟುವುದನ್ನಷ್ಟೇ ತಪ್ಪೆಂದು ಎಣಿಸಿತ್ತು. 2015ರಿಂದ ಆ ವಿನಾಯಿತಿ ಇಲ್ಲ. ಆ ಅವಧಿಯಲ್ಲಿ ಆಟ ಕಲಿತವರು ಕೆಳಭಾಗ ಮುಟ್ಟಿದರೆ ಪರವಾಗಿಲ್ಲ ಎಂದು ಈಗಲೂ ವಾದಿಸುವುದುಂಟು, ಅದನ್ನು ಒಪ್ಪಬೇಕಾಗಿಲ್ಲ. ಆಂಟೆನಾದ ಆಚೆಗಿನ ನೆಟ್, ಹಗ್ಗ ಮತ್ತು ಕಂಬಗಳನ್ನು ಮುಟ್ಟಿದರೆ ಆಟಕ್ಕೆ ಅಡ್ಡಿಯಾಗದಿರುವವರೆಗೆ ತಪ್ಪಿಲ್ಲ.

ಕಷ್ಟವಿರುವುದು ಯಾವಾಗ ಎಂಬುದರಲ್ಲಿ. ಚೆಂಡನ್ನು ಆಡುವ ಕ್ರಿಯೆ ಎಂದರೆ ಹೊಡೆತ ಮಾತ್ರವಲ್ಲ. ನೆಲ ಬಿಟ್ಟು ಜಿಗಿಯುವುದು, ಹೊಡೆಯುವುದು ಅಥವಾ ಹೊಡೆಯಲು ಯತ್ನಿಸುವುದು, ಬಳಿಕ ಸ್ಥಿರವಾಗಿ ನೆಲಕ್ಕಿಳಿದು ಮುಂದಿನ ಆಟಕ್ಕೆ ಸಿದ್ಧನಾಗುವುದು, ಇವೆಲ್ಲವೂ ಅದರೊಳಗೇ ಬರುತ್ತವೆ. ಬ್ಲಾಕ್ ಮಾಡಲು, ಅಂದರೆ ಎದುರಾಳಿಯ ಹೊಡೆತವನ್ನು ನೆಟ್ಟಿನ ಬಳಿ ಕೈಯೆತ್ತಿ ತಡೆಯಲು, ಜಿಗಿದವನ ಬೆರಳಿಗೆ ಚೆಂಡು ತಾಗದೇ ಹೋಗಿರಬಹುದು. ಆದರೂ ಚೆಂಡಿನ ಸಮೀಪದಲ್ಲಿದ್ದು ಅದನ್ನು ತಡೆಯಲು ಯತ್ನಿಸಿದ್ದರಿಂದ ಅವನು ಆ ಕ್ರಿಯೆಯಲ್ಲಿದ್ದವನೇ ಆಗುತ್ತಾನೆ. ಮುಂದಕ್ಕೆ ವಾಲಿಕೊಂಡು ಜಿಗಿದ ಬ್ಲಾಕರ್‌ನನ್ನು ಗಮನಿಸಿ: ಮೇಲೆ ಕೈಗಳು ನೆಟ್ಟಿಗೆ ತಾಗದೆ ಹಿಂದೆ ಬರುತ್ತವೆ, ಚೆಂಡು ಹಿಂದಿನ ಅಂಕಣಕ್ಕೆ ಹಾರುತ್ತದೆ, ನೋಡುವವರ ಕಣ್ಣೆಲ್ಲ ಅದರ ಬೆನ್ನು ಹತ್ತುತ್ತದೆ, ಇತ್ತ ಒಂದು ಕಾಲು ಮೊದಲು ನೆಲ ಮುಟ್ಟಿ, ಆಯ ತಪ್ಪಿದ ಮೈ ಮುಂದಕ್ಕೆ ಬಾಗಿ, ಎದೆಯೋ ಮೊಣಕೈಯೋ ನೆಟ್ಟಿನ ಕಣ್ಣುಗಳನ್ನು ಒತ್ತುತ್ತದೆ. ಇದು ತಪ್ಪು. ಅದೇ ಆಟಗಾರ ಎರಡೂ ಕಾಲೂರಿ ಗಟ್ಟಿಯಾಗಿ ನಿಂತು, ಹಿಂದಿರುಗಿ ಹೊರಟಾಗ ಭುಜ ನೆಟ್ಟಿಗೆ ಸವರಿದರೆ ತಪ್ಪಲ್ಲ.

ಚೆಂಡಿನಿಂದ ದೂರವಿರುವವನಿಗೂ ಪೂರ್ತಿ ಸ್ವಾತಂತ್ರ್ಯವಿಲ್ಲ. ನೆಟ್ಟನ್ನು ಹಿಡಿದುಕೊಂಡರೆ, ಆಸರೆಯಾಗಿ ಬಳಸಿದರೆ, ಅದನ್ನು ಮುಟ್ಟಿ ಅನುಚಿತ ಲಾಭ ಪಡೆದರೆ ಅಥವಾ ಎದುರಾಳಿಯ ನ್ಯಾಯವಾದ ಆಟಕ್ಕೆ ತಡೆಯೊಡ್ಡಿದರೆ ಅದೂ ತಪ್ಪೇ. ಜಡೆ ನೆಟ್ಟಿಗೆ ತಾಗಿದ್ದನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಸಿಕ್ಕಿಹಾಕಿಕೊಂಡು ಆಟಕ್ಕೆ ಅಡ್ಡಿಯಾದರೆ ಮಾತ್ರ ಮಾತು ಬೇರೆ.

ಹೊಡೆದ ಚೆಂಡು ನೆಟ್ಟಿಗೆ ಬಡಿದು, ಆ ರಭಸಕ್ಕೆ ನೆಟ್ ಎದುರಿನ ಬ್ಲಾಕರ್‌ಗೆ ತಾಗಿದರೆ ಬ್ಲಾಕರ್‌ನದು ತಪ್ಪಲ್ಲ. ಇದನ್ನು ಗುರುತಿಸಲು ನೆಟ್ ಯಾವ ಕಡೆಗೆ ಉಬ್ಬಿತೆಂಬುದನ್ನು ನೋಡುವುದು ಉಪಯುಕ್ತ. ಚೆಂಡು ಬಡಿದಾಗ ನೆಟ್ ಬ್ಲಾಕರ್‌ನತ್ತ ಉಬ್ಬುತ್ತದೆ, ಬ್ಲಾಕರ್ ತಾನಾಗಿ ಒತ್ತಿದಾಗ ಹೊಡೆದವನತ್ತ ಉಬ್ಬುತ್ತದೆ. ಆದರೆ ಇದು ಸುಳಿವು ಮಾತ್ರ. ಮುಟ್ಟಿದ್ದನ್ನೇ ಕಾಣದೆ ಬರೀ ಅಲುಗಾಟದಿಂದ ಊಹಿಸಿ ಶಿಳ್ಳೆ ಊದುವುದಕ್ಕಿಂತ ಆಟ ಮುಂದುವರಿಯಲು ಬಿಡುವುದೇ ಮೇಲು.

ಕಾಣಬೇಕಾದರೆ ನಿಲ್ಲುವ ಜಾಗ ಸರಿಯಾಗಿರಬೇಕು. ದಾಳಿ ಮಾಡುವವರ ಕಡೆಯ ಸ್ಪರ್ಶವನ್ನು ಮುಖ್ಯವಾಗಿ ಎತ್ತರದ ಪೀಠದ ಮೇಲಿರುವ ಮೊದಲನೆಯ ರೆಫರಿಯೂ, ಬ್ಲಾಕ್ ಮಾಡುವವರ ಕಡೆಯದನ್ನು ನೆಲದ ಮೇಲಿರುವ ಎರಡನೆಯ ರೆಫರಿಯೂ ಗಮನಿಸುತ್ತಾರೆ. ಎರಡನೆಯ ರೆಫರಿ ಪ್ರತಿ ದಾಳಿಗೂ ಬ್ಲಾಕ್ ಮಾಡುವ ತಂಡದ ಬದಿಗೆ ಸರಿಯಬೇಕು. ಹೊಡೆತಕ್ಕೆ ಚೆಂಡನ್ನು ಎತ್ತಿಕೊಡುವ ಸೆಟ್ಟರ್‌ನ ಕೈಯಿಂದ ಚೆಂಡು ಹೊರಟ ಮೇಲೆ ಅವರ ದೃಷ್ಟಿ ನೆಟ್ಟಿನ ಮೇಲೂ ಬ್ಲಾಕರ್‌ಗಳ ಮೇಲೂ ನೆಲೆಸಿ, ಹೊಡೆತ ಮುಗಿದ ಬಳಿಕವೂ ಎಲ್ಲರ ಪಾದಗಳು ನೆಲದಲ್ಲಿ ಸ್ಥಿರವಾಗುವವರೆಗೆ ಅಲ್ಲೇ ಇರಬೇಕು. ಚೆಂಡನ್ನು ನೋಡುವ ಚಪಲವನ್ನು ಆ ಅರೆಕ್ಷಣ ತಡೆದುಕೊಳ್ಳುವುದೇ ಈ ಕೆಲಸದ ಅತಿ ಕಠಿಣ ಭಾಗವೆಂದು ನನಗನಿಸುತ್ತದೆ.

ಸ್ಪರ್ಶ ಕಂಡರೂ ಚೆಂಡು ಅಷ್ಟರಲ್ಲಿ ನೆಲಕ್ಕೆ ಬಿದ್ದು, ಸರ್ವೀಸ್‌ನಿಂದ ಶುರುವಾದ ಆ ಸುತ್ತಿನ ಆಟ ಅಂದರೆ ರ‍್ಯಾಲಿ ಮುಗಿದಿತ್ತೇ ಎಂಬುದನ್ನು ತೂಗಿ ನೋಡಬೇಕು; ಮುಗಿದಿದ್ದರೆ ತಪ್ಪಿಲ್ಲ. ಎರಡು ತಪ್ಪುಗಳು ಒಂದರ ಹಿಂದೊಂದು ನಡೆದರೆ ಮೊದಲನೆಯದನ್ನಷ್ಟೇ ಎಣಿಸಬೇಕು. ಎರಡೂ ಕಡೆಯವರು ಏಕಕಾಲಕ್ಕೆ ತಪ್ಪು ಮಾಡಿದರೆ ರ‍್ಯಾಲಿಯನ್ನು ಮತ್ತೆ ಆಡಿಸಬೇಕು.

ತಪ್ಪೆಂದು ಖಚಿತವಾದರೆ ತಡಮಾಡದೆ ಶಿಳ್ಳೆ ಊದಬೇಕು. ಮೊದಲನೆಯ ರೆಫರಿ ಊದಿದರೆ ಮುಂದೆ ಸರ್ವೀಸ್ ಮಾಡಬೇಕಾದ ತಂಡವನ್ನು ಮೊದಲು ತೋರಿಸಿ, ಆಮೇಲೆ ತಪ್ಪು ಮಾಡಿದವರ ಬದಿಯ ನೆಟ್ಟನ್ನು ಕೈಯಿಂದ ತೋರಿಸಿ ತಪ್ಪನ್ನು ಸೂಚಿಸುತ್ತಾರೆ. ಎರಡನೆಯ ರೆಫರಿ ಊದಿದರೆ ಮೊದಲು ತಪ್ಪನ್ನೂ ಅಗತ್ಯವಿದ್ದರೆ ಆಟಗಾರನನ್ನೂ ತೋರಿಸಿ, ಸರ್ವೀಸ್‌ನ ಸೂಚನೆಯಲ್ಲಿ ಮೊದಲನೆಯ ರೆಫರಿಯನ್ನು ಅನುಸರಿಸುತ್ತಾರೆ. ವಿವರಣೆ ಕೇಳುವ ಹಕ್ಕಿರುವುದು ಅಂಕಣದಲ್ಲಿರುವ ನಾಯಕನಿಗೆ ಮಾತ್ರ. ಅವನಿಗೆ ‘ಐದನೇ ನಂಬರ್, ನೆಲಕ್ಕಿಳಿಯುವಾಗ ಮೊಣಕೈ’ ಎಂಬಷ್ಟು ಚುಟುಕಾದ ಉತ್ತರ ಸಾಕು.