ಬೆಲ್ಲದ ಮಸಿಯಲ್ಲಿ ‘ಎಳ್ಳು ಬೆಲ್ಲ’: ಹಳೆ ಹಲಗೆಯಿಂದ ಹಬ್ಬದ ಬೋರ್ಡು

ಹಂಚಿನ ಮನೆ ಕೆಡವಿದ ಜಾಗಕ್ಕೆ ಎರಡು ದಿನ ಬಿಟ್ಟು ಹೋಗಿ ನೋಡಿ. ತೊಲೆ, ಜಂತೆ, ಒಳ್ಳೆಯ ಬಾಗಿಲು ಎಲ್ಲ ಆಗಲೇ ಹೋಗಿರುತ್ತವೆ. ಮೂಲೆಯಲ್ಲಿ ಉಳಿಯುವುದು ಅಟ್ಟದ ತುಂಡು ಹಲಗೆ, ಕೀಲು ಕಿತ್ತ ಕಿಟಕಿ ಬಾಗಿಲು, ಬಚ್ಚಲ ಒಲೆಗೆ ಆದೀತು ಅಂತ ಬಿಟ್ಟ ಚೂರುಗಳು. ನಮಗೆ ಬೇಕಿರುವುದು ಅವೇ.

ನಾನು ಅಂಥ ಎರಡು ಹಲಗೆ ತಂದು ಸಂಕ್ರಾಂತಿಗೆ ಬಾಗಿಲ ಬಳಿ ತೂಗುಹಾಕುವ ಬೋರ್ಡು ಮಾಡಿದೆ. ಮೇಲಿನ ಹಲಗೆಯಲ್ಲಿ ‘ಎಳ್ಳು’, ಕೆಳಗಿನದರಲ್ಲಿ ‘ಬೆಲ್ಲ’. ಮೇಲಿನ ಹಲಗೆಯನ್ನು ತಿರುಗಿಸಿದರೆ ಹಿಂದೆ ‘ಬೇವು’. ಯುಗಾದಿಗೂ ಅದೇ ಬೋರ್ಡು ಆಯಿತು. ಬೆಲ್ಲ ಎರಡು ಹಬ್ಬಕ್ಕೂ ಬೇಕೇ ಬೇಕಲ್ಲ, ಅದು ಇದ್ದಲ್ಲೇ ಇರುತ್ತದೆ.

ಅಕ್ಷರ ಬರೆಯಲು ಪೇಂಟ್ ಕೊಂಡಿಲ್ಲ. ಹಲಗೆಯಿಂದ ಕಿತ್ತ ತುಕ್ಕು ಮೊಳೆ ಮತ್ತು ಅಡುಗೆಮನೆಯ ಬೆಲ್ಲ ಸೇರಿಸಿ ಮಸಿ ಮಾಡಿಕೊಂಡೆ. ಶ್ರೀಕಾಳಹಸ್ತಿಯ ಕಲಂಕಾರಿ ಕಲಾವಿದರು ಬಟ್ಟೆಯ ಮೇಲೆ ಕಪ್ಪು ಗೆರೆ ಎಳೆಯುವುದು ಇಂಥದ್ದೇ ಮಸಿಯಿಂದ. ಇದು ಹುಳಿಯಲು ಎರಡು ಮೂರು ವಾರ ಬೇಕು. ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ಕ್ಕೆ. ಹಾಗಾಗಿ ಡಿಸೆಂಬರ್ 15ರ ಹೊತ್ತಿಗೆ ಕೆಲಸ ಶುರುವಾಗಬೇಕು.

ಹಲಗೆ ಆರಿಸುವುದು

ಸುಮಾರು 14 ಇಂಚು ಉದ್ದ, 9 ಇಂಚು ಅಗಲ, ಮುಕ್ಕಾಲರಿಂದ ಒಂದು ಇಂಚು ದಪ್ಪದ ಎರಡು ಹಲಗೆ ಸಾಕು. ತೇಗ, ಹಲಸು ಸಿಕ್ಕರೆ ಅದೃಷ್ಟ. ಎರಡೂ ಒಂದೇ ಮರದ್ದಾಗಬೇಕು ಅಂತೇನಿಲ್ಲ.

ಮೊದಲು ನೋಡಬೇಕಾದ್ದು ಕುಟ್ಟೆ. ಹಲಗೆಯನ್ನು ಬಿಳಿ ಕಾಗದದ ಮೇಲೆ ಹಿಡಿದು ಸುತ್ತಿಗೆಯ ಹಿಡಿಯಿಂದ ತಟ್ಟಿ. ಸಣ್ಣ ತೂತುಗಳಿಂದ ಹಿಟ್ಟಿನಂಥ ತಿಳಿ ಪುಡಿ ಉದುರಿದರೆ ಹುಳು ಇನ್ನೂ ಒಳಗಿದೆ ಅಂತ ಅರ್ಥ. ಅದನ್ನು ಅಲ್ಲೇ ಬಿಟ್ಟು ಬನ್ನಿ. ಮನೆಗೆ ತಂದರೆ ಮಂಚಕ್ಕೂ ಹಬ್ಬೀತು. ಪುಡಿ ಉದುರದ ಹಳೆಯ ತೂತುಗಳಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ನನಗಂತೂ ಅವು ಇಷ್ಟ.

ಎರಡನೆಯದು ಹಳೆಯ ಬಣ್ಣ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಹಸಿರು, ನೀಲಿ ಬಾಗಿಲುಗಳಲ್ಲಿ ಸೀಸ ಜಾಸ್ತಿ ಇರಬಹುದು. ಒಣಗಿದ ಬಣ್ಣವನ್ನು ಉಜ್ಜಿದರೆ ಆ ಧೂಳು ಮಕ್ಕಳ ಮೈಗೆ ಹೋಗುತ್ತದೆ. ನೋಡಲು ಎಷ್ಟೇ ಚೆಂದ ಇರಲಿ, ಈ ಕೆಲಸಕ್ಕೆ ಬಣ್ಣ ಬಳಿದ ಹಲಗೆ ಬೇಡ. ಹೇಗೂ ನಮ್ಮ ಮಸಿ ಅದರ ಮೇಲೆ ಹಿಡಿಯುವುದಿಲ್ಲ.

ಊರಲ್ಲಿ ಹಳೆ ಮನೆ ಕೆಡವುವವರು ಯಾರೂ ಇಲ್ಲವಾ? ಗೋದಾಮುಗಳ ಹಿಂದೆ ಬಿದ್ದಿರುವ ಪ್ಯಾಲೆಟ್, ಅಂದರೆ ಸರಕು ಪೇರಿಸುವ ಮರದ ಚೌಕಟ್ಟು, ಕೇಳಿ ಪಡೆಯಿರಿ. ಹೊರದೇಶಕ್ಕೆ ಹೋಗಿ ಬರುವ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಮುದ್ರೆ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳು ಇರುತ್ತವೆ. ‘ಎಚ್‌ಟಿ’ ಎಂದಿದ್ದರೆ ಮರವನ್ನು ಒಳತಿರುಳಿನವರೆಗೆ 56 ಡಿಗ್ರಿಗೆ 30 ನಿಮಿಷ ಬಿಸಿ ಮಾಡಿದ್ದಾರೆ, ತರಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟದ್ದು, ಮುಟ್ಟಬೇಡಿ. ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇದ್ದರೂ ಬೇಡ.

ಮೊಳೆ ಕಿತ್ತು ಜಾಡಿಗೆ ಹಾಕಿ

ಹಿಂದಿನಿಂದ ಮೊಳೆಯ ತುದಿಗೆ ಮೆಲ್ಲಗೆ ಹೊಡೆದರೆ ತಲೆ ಮುಂದೆ ಏಳುತ್ತದೆ. ಆಮೇಲೆ ಇಕ್ಕಳ ಹಾಕಿ ಎಳೆಯಿರಿ. ದಪ್ಪ ಕೈಗವಸು ಹಾಕಿಕೊಳ್ಳಿ. ತುಕ್ಕು ಮೊಳೆ ಚುಚ್ಚಿದರೆ ಟಿಟಿ ಇಂಜೆಕ್ಷನ್‌ಗೆ ಓಡಬೇಕಾಗುತ್ತದೆ. ಕಿತ್ತ ಮೊಳೆ ಎಸೆಯಬೇಡಿ.

ನಾನು ಹಾಕಿದ ಲೆಕ್ಕ ಹೀಗಿದೆ. ಸುಮಾರು 100 ಗ್ರಾಂ ತುಕ್ಕು ಮೊಳೆ, 100 ಗ್ರಾಂ ಬೆಲ್ಲ, ಅರ್ಧ ಲೀಟರ್ ನೀರು. ಬೆಲ್ಲ ಕಪ್ಪಾಗಿದ್ದರೂ ಪರವಾಗಿಲ್ಲ, ಅಡುಗೆಗೆ ಬೇಡವಾದದ್ದೇ ಆಗಲಿ. ಮೊಳೆ ಮಾತ್ರ ಬರೀ ಕಬ್ಬಿಣದ್ದಾಗಬೇಕು. ಹೊಳೆಯುವ ಹೊಸ ಮೊಳೆಗಳಿಗೆ ಸತುವಿನ ಲೇಪ ಇರಬಹುದು, ಅಂಥವು ಕೆಲಸಕ್ಕೆ ಬಾರವು. ಮೂರನ್ನೂ ಗಾಜಿನ ಅಥವಾ ಪಿಂಗಾಣಿ ಜಾಡಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ. ಮುಚ್ಚಳ ಬಿಗಿಯಬೇಡಿ. ಹುಳಿಯುವಾಗ ಗಾಳಿ ಹುಟ್ಟುತ್ತದೆ, ಜಾಡಿ ಸಿಡಿಯಬಹುದು. ದಿನಕ್ಕೊಮ್ಮೆ ಕೋಲಿನಿಂದ ಕಲಕಿ. ಮೊದಲು ನೊರೆ, ಆಮೇಲೆ ಹುಳಿ ವಾಸನೆ. ಮನೆಯವರ ಬೈಗುಳ ತಪ್ಪಿಸಲು ಜಾಡಿಯನ್ನು ಹಿತ್ತಲಲ್ಲಿ ಇಡುವುದು ಒಳ್ಳೆಯದು.

ಎಷ್ಟು ಉಜ್ಜಬೇಕು?

ಕಮ್ಮಿ. ಬಹಳ ಕಮ್ಮಿ. ಹೆಚ್ಚಿನವರು ಎಡವುವುದು ಇಲ್ಲೇ. ಮೆಷಿನ್ ತಂದು ನುಣ್ಣಗೆ ಉಜ್ಜಿ, ಕೊನೆಗೆ ಅಂಗಡಿಯ ಹೊಸ ಹಲಗೆ ಹಾಗೆ ಮಾಡಿಬಿಡುತ್ತಾರೆ. ಗರಗಸದ ಗೆರೆ, ಕೀಲು ಕೂತಿದ್ದ ಗುಳಿ, ಮೊಳೆಯ ಸುತ್ತ ಹರಡಿದ ಕಪ್ಪು ಕಲೆ ಎಲ್ಲ ಇರಲಿ. ಆ ಕಪ್ಪು ಕಲೆಯನ್ನು ಒಮ್ಮೆ ಗಮನಿಸಿ. ಮರದಲ್ಲಿರುವ ಒಗರು, ಅಂದರೆ ಟ್ಯಾನಿನ್, ಮೊಳೆಯ ಕಬ್ಬಿಣದ ಜೊತೆ ಸೇರಿ ಆದದ್ದು ಅದು. ನಾವು ಮಸಿಯಿಂದ ಮಾಡಹೊರಟಿರುವುದೂ ಅದನ್ನೇ.

ಒದ್ದೆ ಬ್ರಷ್‌ನಿಂದ ಮಣ್ಣು, ಜೇಡರ ಬಲೆ ತೊಳೆದು, ನೆರಳಲ್ಲಿ ಮೂರು ನಾಲ್ಕು ದಿನ ಒಣಗಿಸಿ. ಬಿಸಿಲಿಗೆ ಇಟ್ಟರೆ ಸೀಳುತ್ತದೆ. ಆಮೇಲೆ 80ನೇ ನಂಬರ್ ಸ್ಯಾಂಡ್ ಪೇಪರ್, ಅದಾದ ಮೇಲೆ 120. ಎಳೆಯ ನೇರಕ್ಕೇ ಉಜ್ಜಿ. ಕೈಗೆ ಸಿಬಿರು ಚುಚ್ಚದಿದ್ದರೆ ಸಾಕು, ನಿಲ್ಲಿಸಿ.

ಈಗ ಒಗರು ಹಿಡಿಸುವ ಕೆಲಸ. ಗ್ರಂಥಿಗೆ ಅಂಗಡಿಯಲ್ಲಿ ಅಳಲೆಕಾಯಿ ಸಿಗುತ್ತದೆ. 50 ಗ್ರಾಂ ಪುಡಿಯನ್ನು ಅರ್ಧ ಲೀಟರ್ ನೀರಲ್ಲಿ ಕುದಿಸಿ, ರಾತ್ರಿಯಿಡೀ ಬಿಟ್ಟು ಸೋಸಿ. ಕಬ್ಬಿಣದ ಪಾತ್ರೆ ಬೇಡ, ಕಷಾಯ ಅಲ್ಲೇ ಕಪ್ಪಾಗುತ್ತದೆ. ಹಲಗೆಯ ಎರಡೂ ಬದಿಗೆ ಎರಡು ಸಲ ಬಳಿದು ಒಣಗಿಸಿ. ಮರಕ್ಕೆ ತುಸು ಹಳದಿ ಛಾಯೆ ಬರುತ್ತದೆ, ಅಷ್ಟೇ. ಪ್ಯಾಲೆಟ್‌ನ ಪೈನ್ ಮರದಲ್ಲಿ ಒಗರು ಕಮ್ಮಿ. ಅದಕ್ಕೆ ಮೂರು ಸಲ ಬಳಿಯಿರಿ.

ಅಕ್ಷರದ ಲೆಕ್ಕ

ನಿಜವಾದ ಕಷ್ಟ ಮರದ್ದಲ್ಲ, ಅಕ್ಷರದ್ದು. ಇಂಗ್ಲಿಷ್ ಬೋರ್ಡಿನ ಅಳತೆ ನೋಡಿಕೊಂಡು ಕನ್ನಡ ಬರೆಯಲು ಹೋದರೆ ಕೆಡುತ್ತದೆ. ನಮ್ಮದಕ್ಕೆ ಮೇಲೆ ತಲೆಕಟ್ಟು, ಕೆಳಗೆ ಒತ್ತು. ಮೊದಲ ಸಲ ನಾನು ಅಕ್ಷರವನ್ನು ಹಲಗೆಯ ಸರಿ ಮಧ್ಯಕ್ಕೆ ಕೂರಿಸಿದೆ. ಅಮ್ಮ ನೋಡಿ, ‘ಇದೇನೋ, ಒತ್ತು ಎಲ್ಲಿ ಕೂರ್ಬೇಕು, ನೆಲದ ಮೇಲಾ?’ ಅಂದರು.

ಅಳತೆ ಹೀಗಿಟ್ಟುಕೊಳ್ಳಿ. 9 ಇಂಚಿನ ಹಲಗೆಯಲ್ಲಿ ಮೇಲೆ ಒಂದು ಇಂಚು ಖಾಲಿ. ಆಮೇಲೆ 4 ಇಂಚು ಅಕ್ಷರದ ಮೈ. ಅದರ ಕೆಳಗೆ ಎರಡೂವರೆ ಇಂಚು ಒತ್ತಿಗೆ. ಕೊನೆಗೆ ಒಂದೂವರೆ ಇಂಚು ಖಾಲಿ, ಕೊಕ್ಕೆ ಸಿಕ್ಕಿಸುವುದು ಅಲ್ಲೇ. ‘ಎಳ್ಳು’, ‘ಬೇವು’, ‘ಬೆಲ್ಲ’ ಮೂರರಲ್ಲೂ ಎರಡೆರಡೇ ಅಕ್ಷರ. ಹಾಗಾಗಿ ಒಂದೇ ಅಳತೆಯ ಹಲಗೆ ಮೂರಕ್ಕೂ ಒಗ್ಗುತ್ತದೆ. ‘ಬೇ’ಗೆ ಮಾತ್ರ ದೀರ್ಘ ಇರುವುದರಿಂದ ಅಗಲ ಜಾಸ್ತಿ ಬೇಕು. ‘ಳ’ದ ಒತ್ತು ಸಣ್ಣ ‘ಳ’ದಂತೆಯೇ ಇರುತ್ತದೆ. ‘ಲ’ದ ಒತ್ತಿನ ಆಕಾರವೇ ಬೇರೆ. ಅದನ್ನು ಸಣ್ಣ ‘ಲ’ ಅಂತ ಬರೆದು ತಪ್ಪು ಮಾಡಬೇಡಿ, ಹಬ್ಬಕ್ಕೆ ಬಂದವರೆಲ್ಲ ಅದನ್ನೇ ಹೇಳುತ್ತಾರೆ. ‘ಬೇವು’ ಬದಿಯಲ್ಲಿ ಒತ್ತಿನ ಜಾಗ ಖಾಲಿ ಉಳಿಯುತ್ತದೆ. ಅಲ್ಲಿ ಒಂದು ಬೇವಿನ ಕಡ್ಡಿ, ನಾಲ್ಕು ಎಲೆ ಬರೆಯಿರಿ.

ಕಂಪ್ಯೂಟರ್ ಫಾಂಟ್ ಪ್ರಿಂಟ್ ಹಾಕಿಕೊಂಡರೆ ಕೆಲಸ ಸುಲಭ, ಒಪ್ಪುತ್ತೇನೆ. ಆದರೆ ಜೆರಾಕ್ಸ್ ಅಂಗಡಿ ಬೋರ್ಡಿನ ಹಾಗೆ ಕಾಣುತ್ತದೆ. ಮನೆಯಲ್ಲಿ ಸ್ಲೇಟು ಬಳಪದಲ್ಲಿ ಅಕ್ಷರ ತಿದ್ದಿದವರು ಯಾರಾದರೂ ಇದ್ದರೆ ಅವರಿಂದ ದೊಡ್ಡ ಕಾಗದದ ಮೇಲೆ ಬರೆಸಿ. ಕಾಗದದ ಹಿಂದೆ ಇದ್ದಿಲು ಸವರಿ, ಹಲಗೆಯ ಮೇಲಿಟ್ಟು, ಗೆರೆಯ ಮೇಲೆ ಪೆನ್ನಿನಿಂದ ಒತ್ತಿ ತಿದ್ದಿದರೆ ಅಚ್ಚು ಇಳಿಯುತ್ತದೆ.

ಇನ್ನೊಂದು ಕೆಲಸ ಬಿಡಲೇಬಾರದು. ಅಕ್ಷರದ ಅಂಚಿನುದ್ದಕ್ಕೂ ಚೂಪಾದ ಚಾಕುವಿನಿಂದ ತೆಳ್ಳಗೆ ಗೀರು ಎಳೆಯಿರಿ. ಮಸಿ ನೀರಿನಂತಿರುತ್ತದೆ, ಮರದ ಎಳೆ ಹಿಡಿದು ಪಕ್ಕಕ್ಕೆ ಓಡುತ್ತದೆ. ಗೀರು ಅದನ್ನು ಅಲ್ಲೇ ತಡೆಯುತ್ತದೆ.

ಮಸಿ ಬಳಿಯುವುದು

ಎರಡು ಮೂರು ವಾರಕ್ಕೆ ಜಾಡಿಯ ನೀರು ಕಡು ಕಂದಾಗಿರುತ್ತದೆ. ಬಟ್ಟೆಯಲ್ಲಿ ಸೋಸಿ. ಚಿಟಿಕೆ ಗೋಂದು ಕದಡಿದರೆ ತುಸು ಗಟ್ಟಿಯಾಗುತ್ತದೆ. ಬಳಿಯುವ ಮುನ್ನ ಹಲಗೆಯ ಅಂಚಿನಲ್ಲಿ ಒಂದು ಚುಕ್ಕಿ ಇಟ್ಟು ಪರೀಕ್ಷಿಸಿ.

ಚಪ್ಪಟೆ ಬ್ರಷ್‌ನಿಂದ ಗೀರಿನ ಒಳಗೆ ತುಂಬಿ. ಬಳಿದ ಕೂಡಲೇ ಬೂದು ಬಣ್ಣ ಕಂಡರೆ ಗಾಬರಿ ಬೇಡ. ಗಾಳಿ ತಾಗುತ್ತ ತಾಗುತ್ತ ಕಪ್ಪೇರುತ್ತದೆ. ಮರುದಿನ ಇನ್ನೊಂದು ಕೈ ಬಳಿಯಿರಿ. ಹಲಗೆಗೆಲ್ಲ ಅಳಲೆ ಹಿಡಿದಿರುವುದರಿಂದ ಮಸಿಯ ಒಂದು ಹನಿ ಬಿದ್ದರೂ ಅಲ್ಲಿ ಚುಕ್ಕಿ ಮೂಡುತ್ತದೆ. ನನ್ನ ಬೋರ್ಡಿನಲ್ಲಿ ಅಂಥವು ಐದಿವೆ. ಎಳ್ಳು ಚೆಲ್ಲಿದೆ ಅಂತ ಹೇಳಿಕೊಂಡು ತಿರುಗುತ್ತಿದ್ದೇನೆ. ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ, ಹಳೆ ಅಂಗಿ ಹಾಕಿಕೊಳ್ಳಿ.

ಅವಸರದವರು ಕಪ್ಪು ಅಕ್ರಿಲಿಕ್ ಪೇಂಟ್ ಬಳಿದು ಒಂದೇ ದಿನದಲ್ಲಿ ಮುಗಿಸಬಹುದು. ಆಗ ಜಾಡಿಯೂ ಬೇಡ, ಅಳಲೆಯೂ ಬೇಡ.

ಚೆನ್ನಾಗಿ ಒಣಗಿದ ಮೇಲೆ ಹಾರ್ಡ್‌ವೇರ್ ಅಂಗಡಿಯ ಬಾಯ್ಲ್ಡ್ ಲಿನ್ಸೀಡ್ ಆಯಿಲ್, ಅಂದರೆ ಕಾಯಿಸಿದ ಅಗಸೆ ಎಣ್ಣೆ, ತೆಳುವಾಗಿ ಒರೆಸಿ. ಅಡುಗೆಯ ಅಗಸೆ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾಗಿದ್ದರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ತೂಗುಹಾಕುವುದು

ಎರಡು ಹಲಗೆ ಸೇರಿ ಸುಮಾರು ಎರಡರಿಂದ ಮೂರು ಕೆಜಿ ತೂಗುತ್ತವೆ. ಅಂಟಿಸುವ ಪ್ಲಾಸ್ಟಿಕ್ ಹುಕ್ ನಂಬಬೇಡಿ, ಗೋಡೆಗೆ ಡ್ರಿಲ್ ಹಾಕಿ ಸ್ಕ್ರೂ ಕೂರಿಸಿ. ಮೇಲಿನ ಹಲಗೆಯ ತಲೆಗೆ ಬಳೆ ಇರುವ ಎರಡು ಸ್ಕ್ರೂ ತಿರುಗಿಸಿ, ತೆಂಗಿನ ನಾರಿನ ಹಗ್ಗ ಕಟ್ಟಿ. ಅದರ ಬುಡಕ್ಕೂ ಕೆಳಗಿನ ಹಲಗೆಯ ತಲೆಗೂ ಅಂಥವೇ ಎರಡೆರಡು ಸ್ಕ್ರೂ. ನಡುವೆ ಮಾತ್ರ ಹಗ್ಗ ಬೇಡ, ಬಿಚ್ಚಿ ಹಾಕಲು ಬರುವ ಕೊಕ್ಕೆ ಇರಲಿ. ನಾನು ಮೊದಲು ಹಗ್ಗದಲ್ಲಿ ಬಿಗಿಯಾಗಿ ಕಟ್ಟಿದ್ದೆ. ಯುಗಾದಿಗೆ ‘ಬೇವು’ ತಿರುಗಿಸಿದಾಗ ಕೆಳಗಿನ ಹಲಗೆಯೂ ಜೊತೆಗೇ ತಿರುಗಿತು. ‘ಬೆಲ್ಲ’ ಗೋಡೆಯ ಕಡೆಗೆ ಹೋಗಿ, ಬಾಗಿಲಲ್ಲಿ ಬರೀ ಬೇವು ಉಳಿಯಿತು.

ಜಗಲಿಯ ಮಾಡಿನ ಕೆಳಗಿದ್ದರೆ ಎರಡು ಹಬ್ಬಕ್ಕೂ ಮುಟ್ಟುವುದೇ ಬೇಡ. ಮಳೆ ಬೀಳುವ ಮುನ್ನ ಇಳಿಸಿ, ಹಳೆ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ. ಮಿಕ್ಕ ಮಸಿಯನ್ನು ಬಾಟಲಿಗೆ ತುಂಬಿದರೆ ಅದರ ಮೇಲೆ ದಪ್ಪಕ್ಕೆ ‘ಮಸಿ, ತಿನ್ನಬೇಡಿ’ ಅಂತ ಬರೆದಿಡಿ. ನೋಡಲು ಥೇಟ್ ಜೋನಿ ಬೆಲ್ಲದ ಹಾಗೇ ಇರುತ್ತದೆ.